ಬೂದುಕಣ್ಣಿಗೊಂದು ಶಿಫಾರಸು

ಜೂನ್ ೩

ಭಾವನವರಿಗೆ,

ನಿಮ್ಮ ಗುಡ್ಡಕ್ಕೆ ಫೋನಿನ ಸಿಗ್ನಲ್ ಬರುವ ಹೊತ್ತಿಗೆ ನಾನು ಮುದುಕಿಯಾಗಿರುತ್ತೇನೆ. ಅಲ್ಲಿಯವರೆಗೆ ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವೇ ನಿಮಗೆ ಗತಿ.

ನೀವು ಕಳಿಸಿದ ಕಳೆದ ವರ್ಷದ ಬೂದುಕಣ್ಣಿ ವೈನ್ ಮೊನ್ನೆ ಶನಿವಾರಕ್ಕೆ ಪೂರ್ತಿ ಖಾಲಿ! ಕೊನೆಯ ಬಾಟಲಿ ಯಾರ ಪಾಲಾಯಿತು ಗೊತ್ತೇ? ನಮ್ಮ ಗಣಿತದ ಮೇಷ್ಟ್ರ ಪಾಲಿಗೆ. ಹನ್ನೊಂದು ವರ್ಷದಿಂದ ಕಣ್ಣು ಮುಚ್ಚಿಕೊಂಡು ನಮ್ಮ ಅಂಗಡಿಯ ಬಾಗಿಲ ಪಕ್ಕದ ಕಪಾಟಿಗೆ ಕೈಹಾಕಿ, ಅದೇ ಒಂದು ಕೆಂಪು ವೈನ್ ಒಯ್ಯುವ ಮನುಷ್ಯ. ಅವರನ್ನು ಕೈಹಿಡಿದು ಒಳಗೋಡೆಯ ನನ್ನ ಕಪಾಟಿನ ಮುಂದೆ ನಿಲ್ಲಿಸಿದೆ.

"ಇದೇನಮ್ಮಾ, ಈ ದ್ರಾಕ್ಷಿ ಹೆಸರನ್ನ ಯಾರೂ ಕೇಳೇ ಇಲ್ವಲ್ಲ?"

"ಕೇಳಿಲ್ಲ ಅಂತಾನೇ ಉಳ್ಕೊಂಡಿದೆ ಸರ್. ಒಂದೇ ಗುಡ್ಡದ ಒಂದೇ ಮಗ್ಗುಲಲ್ಲಿ ಬೆಳೆಯುತ್ತೆ. ಬೆಳೆಯೋರು ನಮ್ಮ ಭಾವ."

"ಓಹೋ, ಮನೆ ಸರಕು!"

"ಸೇರದಿದ್ರೆ ವಾಪಸ್ ತನ್ನಿ, ನಾನೇ ಕುಡೀತೀನಿ."

ಇವತ್ತು ಬಂದಿದ್ದರು, ಬಾಟಲಿ ತಂದಿರಲಿಲ್ಲ. "ಇನ್ನೊಂದಿದ್ಯಾ?" ಅಂದರು. ಇಲ್ಲ ಅಂದಾಗ ಆ ಮುಖ ನೀವು ನೋಡಬೇಕಿತ್ತು, ಲೆಕ್ಕ ತಪ್ಪಿದ ಹುಡುಗನ ಹಾಗೆ.

ಬರಿಗೈಲಿ ಕಳಿಸಲಿಲ್ಲ ಬಿಡಿ. ಒಂದು ದ್ವೀಪದ ಬಿಳಿ ವೈನ್ ಕೊಟ್ಟೆ. ಅಲ್ಲಿ ಗಾಳಿ ಎಷ್ಟು ಅಂದರೆ ಕರಿಮಣ್ಣಿನಲ್ಲಿ ಗುಂಡಿ ತೋಡಿ ಅದರೊಳಗೆ ಬಳ್ಳಿಯನ್ನು ಬಚ್ಚಿಡುತ್ತಾರಂತೆ. ಕಪಾಟಿನ ಮೇಲೆ ಅದಕ್ಕೆ ಈ ಸಲ ಹೊಸ ಚೀಟಿ ಬರೆದಿದ್ದೇನೆ: "ಮೊದಲ ಗುಟುಕಿಗೆ ಹುಬ್ಬು ಗಂಟಾಗುತ್ತದೆ, ಎರಡನೆಯದಕ್ಕೆ ಸಡಿಲ. ಮೂರನೆಯದಕ್ಕೆ ನೆಂಟರನ್ನು ಕರೆಯುವ ಮನಸ್ಸಾಗುತ್ತದೆ." ಅಂಗಡಿ ಯಜಮಾನರು ಓದಿ, "ನೀನು ಚೀಟಿ ಬರೀತೀಯೋ ಚಾಡಿ ಹೇಳ್ತೀಯೋ?" ಅಂದರು.

ಈ ವರ್ಷ ಬೂದುಕಣ್ಣಿ ಜಾಸ್ತಿ ಕಳಿಸಿ.

ನಿಮ್ಮ
ಮೂಗುತಿ


ಜೂನ್ ೨೨

ಮೂಗುತಿಗೆ ಆಶೀರ್ವಾದ.

ಹಾಲು ಕೆಡುವುದನ್ನು ಒಂದು ದಿನ ಮುಂಚೆಯೇ ವಾಸನೆ ಹಿಡಿದು ಹೇಳುತ್ತಿದ್ದೆಯಂತೆ, ಅದಕ್ಕೇ ನಿನ್ನ ಅಕ್ಕ ಈ ಹೆಸರಿಟ್ಟಳಂತೆ. ಅವಳು ಹೋಗಿ ಆರು ವರ್ಷವಾಯಿತು, ಹೆಸರು ಮಾತ್ರ ಗಟ್ಟಿಯಾಗಿ ನಿಂತಿದೆ.

ಜಾಸ್ತಿ ಕಳಿಸು ಅಂದೆ. ಬಳ್ಳಿ ಇರುವುದೇ ಇಷ್ಟು. ಸುತ್ತಲಿನವರೆಲ್ಲ ಕಿತ್ತುಹಾಕಿ ಹೆಸರುವಾಸಿ ತಳಿ ನೆಟ್ಟರು. ಮಾರುವುದು ಸುಲಭ, ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮದನ್ನು ವಿವರಿಸಲು ನೀನೊಬ್ಬಳು ಇರುವುದರಿಂದ ಉಳಿದಿದೆ.

ಮಗಳಿಗೆ ನಿನ್ನ ಮೂಗೇ ಬಂದಿದೆ. ಹೋದ ತಿಂಗಳು ಮೂರನೇ ಪೀಪಾಯಿಯ ಹತ್ತಿರ ನಿಂತು, "ಅಪ್ಪಾ, ಇದು ಹಾದಿ ತಪ್ತಾ ಇದೆ" ಅಂದಳು. ನನಗೇನೂ ಗೊತ್ತಾಗಲಿಲ್ಲ. ಎಂಟು ದಿನಕ್ಕೆ ಹುಳಿಯೊಡೆಯಿತು. ಆದರೂ ಇಪ್ಪತ್ನಾಲ್ಕು ವರ್ಷದ ಹುಡುಗಿಗೆ ತನ್ನ ಮೇಲೆ ಧೈರ್ಯವಿಲ್ಲ. ಏನಾದರೂ ಹೇಳಿದ ಮೇಲೆ, "ಯಾವುದಕ್ಕೂ ಚಿಕ್ಕಮ್ಮನ್ನ ಕೇಳಿ" ಅಂತ ಬಾಲ ಸೇರಿಸುತ್ತಾಳೆ.

ಭಾವ


ಜುಲೈ ೧೯

ಭಾವನವರಿಗೆ,

ತಡವಾಯಿತು, ಕ್ಷಮಿಸಿ. ಒಂಬತ್ತು ದಿನ ಜ್ವರ. ಈಗ ಓಡಾಡಿಕೊಂಡಿದ್ದೇನೆ. ಬಾಯಿ ಸ್ವಲ್ಪ ಕೆಟ್ಟಿದೆ, ಅಷ್ಟೇ. ಮೇಷ್ಟ್ರು ಬಂದಿದ್ದರು, ಏನೋ ಒಂದು ಕೊಟ್ಟು ಕಳಿಸಿದೆ.

ಮಗಳಿಗೆ ನನ್ನ ನೆನಪು ಹೇಳಿ.

ಮೂಗುತಿ


ಆಗಸ್ಟ್ ೨೮

ಮೂಗುತಿಗೆ,

ಪತ್ರಿಕೆಯಲ್ಲಿ ಓದಿ ಗಾಬರಿಯಾಗಿರುತ್ತೀಯ ಅಂತ ಬರೆಯುತ್ತಿದ್ದೇನೆ. ಬೆಂಕಿ ಬಿದ್ದದ್ದು ಎದುರು ಗುಡ್ಡದ ಕಾಡಿಗೆ. ನಮ್ಮ ಒಂದು ಎಲೆಯೂ ಸುಟ್ಟಿಲ್ಲ. ಒಂದಿಷ್ಟು ಹೊಗೆ ಬಂತು, ಗಾಳಿ ಎತ್ತಿಕೊಂಡು ಹೋಯಿತು. ಗೊಂಚಲು ಕಿತ್ತು ತಿಂದು ನೋಡಿದೆ, ಸಕ್ಕರೆ. ಮುಂದಿನ ತಿಂಗಳು ಕೊಯ್ಲು.

ನಿನ್ನ ಕಾಗದ ಈಚೆಗೆ ತಂತಿ ಸುದ್ದಿಯ ಹಾಗಿರುತ್ತದೆ. ಯಾರನ್ನು ಯಾವ ವೈನಿಗೆ ಗಂಟುಹಾಕಿದೆ, ಅದನ್ನೆಲ್ಲ ಬರೆ. ಅದನ್ನು ಓದುವಾಗಲೇ ಮಗಳ ಮುಖದಲ್ಲಿ ನಗು ಕಾಣುವುದು.

ಭಾವ


ಅಕ್ಟೋಬರ್ ೨೪

ಮೂಗುತಿಗೆ,

ಇದರ ಜೊತೆಗಿರುವ ಬಾಟಲಿಯನ್ನು ಹುಷಾರಾಗಿ ತೆಗೆ. ಈ ವರ್ಷದ ಬೂದುಕಣ್ಣಿ. ಹುದುಗು ಮುಗಿದಿದೆ, ತಿಳಿಯಾಗಿದೆ.

ಈಗ ಒಂದು ಮಾತು ಕೇಳುತ್ತೇನೆ, ನೆಟ್ಟಗೆ ಉತ್ತರ ಕೊಡು. ವಿನೆಗರ್ ಕಾರ್ಖಾನೆಯ ಟ್ಯಾಂಕರ್ ನವೆಂಬರ್ ಇಪ್ಪತ್ತಕ್ಕೆ ನಮ್ಮ ಕಡೆ ಬರುತ್ತದೆ. ಬೆಂಕಿಯ ದೆಸೆಯಿಂದ ವೈನ್ ಕೆಟ್ಟಿರಬಹುದೆಂಬ ಸಂಶಯವಿದ್ದವರು ಇದ್ದದ್ದೆಲ್ಲ ಅದಕ್ಕೆ ಸುರಿಯುತ್ತಿದ್ದಾರೆ. ಸುರಿದರೆ ಅವರು ಕೊಡುವ ದುಡ್ಡಿನಲ್ಲಿ ಒಂದು ವರ್ಷ ಹೇಗೋ ತಳ್ಳಬಹುದು. ಕೆಟ್ಟದ್ದನ್ನು ಬಾಟಲಿಗೆ ತುಂಬಿ ನಮ್ಮ ಚೀಟಿ ಅಂಟಿಸಿ ಮಾರಿದರೆ, ಮತ್ತೆ ಈ ಹೆಸರನ್ನು ಯಾರೂ ಮುಟ್ಟುವುದಿಲ್ಲ. ಚೆನ್ನಾಗಿರುವುದನ್ನು ವಿನೆಗರಿಗೆ ಸುರಿದರೆ ಅದಕ್ಕಿಂತ ದೊಡ್ಡ ಪಾಪವಿಲ್ಲ.

ನೀನು ಹೂಂ ಅಂದರೆ ಬಾಟಲಿ, ಊಹೂಂ ಅಂದರೆ ಟ್ಯಾಂಕರ್.

ಮಗಳು ಏನೋ ಅನ್ನುತ್ತಾಳೆ. ಅದನ್ನು ಹೇಳಿ ನಿನ್ನ ಮೂಗಿಗೆ ದಾರಿ ತೋರಿಸುವುದಿಲ್ಲ. ನೀನಾಗಿಯೇ ನೋಡು.

ಭಾವ


ನವೆಂಬರ್ ೮
(ಅಂಚೆಗೆ ಹಾಕದ ಕಾಗದ)

ಭಾವ,

ಜುಲೈನಿಂದ ನನಗೆ ವಾಸನೆ ಗೊತ್ತಾಗುವುದಿಲ್ಲ.

ಇದಿಷ್ಟನ್ನು ಬರೆಯಲು ನಾಲ್ಕು ತಿಂಗಳು ಬೇಕಾಯಿತು. ಜ್ವರ ಬಿಟ್ಟ ಬೆಳಿಗ್ಗೆ ಕಾಫಿ ಕುಡಿದೆ, ಬಿಸಿನೀರು. ಈರುಳ್ಳಿ ಹೆಚ್ಚಿದೆ, ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಆಮೇಲೆ ಒಲೆಯ ಮೇಲಿನ ಬಾಣಲೆ ಸೀದು, ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ನಾನು ಅಲ್ಲೇ ಪಕ್ಕದಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ಡಾಕ್ಟರು, "ಬಂದ್ರೂ ಬರಬಹುದು, ಕಾಯ್ಬೇಕು" ಅಂದರು. ಎಷ್ಟು ದಿನ ಅಂತ ಕೇಳಿದೆ. ಭುಜ ಕುಣಿಸಿದರು.

ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ. ಹಳೆಯ ವೈನ್‌ಗಳಿಗೆ ಹಳೆಯ ಚೀಟಿ ಇದೆ. ಹೊಸದು ಬಂದರೆ ಗಿರಾಕಿಗಳಿಗೆ ಒಂದೊಂದು ಗುಟುಕು ಕೊಟ್ಟು ಅವರ ಹುಬ್ಬು ನೋಡಿ ಬರೆಯುತ್ತೇನೆ. ಮೂಗಿನಿಂದ ತಿನ್ನುತ್ತಿದ್ದ ಅನ್ನವನ್ನು ಈಗ ಕಣ್ಣಿನಿಂದ ಕದಿಯುತ್ತಿದ್ದೇನೆ. ಅಚ್ಚರಿಯೆಂದರೆ, ಮೊದಲಿಗಿಂತ ಈಗ ಹೆಚ್ಚು ಹೊಗಳುತ್ತಾರೆ.

ನಿಮ್ಮ ಬಾಟಲಿ ಬಂದು ಐದು ದಿನವಾಯಿತು. ತೆರೆದೆ. ಬಣ್ಣ ಚೆಂದ, ಈರುಳ್ಳಿ ಸಿಪ್ಪೆಯ ಹಾಗೆ ತಿಳಿ ತಾಮ್ರ. ನಾಲಿಗೆಗೆ ಹುಳಿ ತಗುಲಿತು, ಗಂಟಲಿಗೆ ಬಿಸಿ ತಗುಲಿತು. ಮತ್ತೇನೂ ಇಲ್ಲ. ಗ್ಲಾಸಿನೊಳಗೆ ಮೂಗಿಟ್ಟು ಎಷ್ಟು ಹೊತ್ತು ಕೂತಿದ್ದೆನೋ, ಗಾಜಿನ ಗುರುತು ಮುಖದ ಮೇಲೆ ಬಿದ್ದಿತ್ತು. ಯಜಮಾನರಿಗೆ ಕೊಡೋಣವೆಂದರೆ ಮೊದಲು "ನಿನಗೇನನ್ಸತ್ತೆ?" ಅನ್ನುತ್ತಾರೆ. ಕೊನೆಗೆ ಕ್ಯಾಷಿನ ಹುಡುಗಿಗೆ ಕೊಟ್ಟೆ. "ಚೆನ್ನಾಗಿದೆ ಅಕ್ಕಾ, ವೈನ್ ಥರಾನೇ ಇದೆ" ಅಂದಳು.

"ನನಗೆ ಗೊತ್ತಾಗುತ್ತಿಲ್ಲ" ಎಂದು ಬರೆದರೆ ಮುಗಿಯಿತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ವಾಸನೆ ಹೋದರೆ ನಾನು ಯಾರು ಭಾವ? ನಲವತ್ತಾರು ವರ್ಷದ ಹೆಂಗಸು, ಮದುವೆಯಾಗಲಿಲ್ಲ, ಬೇರೆ ವಿದ್ಯೆ ಕಲಿಯಲಿಲ್ಲ. ನಿಮ್ಮ ಮನೆಯಲ್ಲಿ ನನಗಿರುವ ಹೆಸರೂ ಅದೊಂದೇ.


ನವೆಂಬರ್ ೧೨

ಭಾವನವರಿಗೆ,

ಹೂಂ.

ತೊಯ್ದ ಕಲ್ಲು, ಕಿತ್ತಳೆ ಸಿಪ್ಪೆ, ಕೊನೆಯಲ್ಲಿ ಚಿಟಿಕೆ ಉಪ್ಪು. ಹೋದ ವರ್ಷಕ್ಕಿಂತ ಒಂದು ಕೈ ಮೇಲೆಯೇ. ಬಾಟಲಿಗೆ ತುಂಬಿ.

ಮೂಗುತಿ


ನವೆಂಬರ್ ೨೭

ನಮ್ಮ ಮೂಗುತಿಗೆ,

ನಿನ್ನ ಕಾಗದವನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಟ್ಯಾಂಕರಿನವನು ಬಂದಾಗ, "ನಿನ್ನ ಗಾಡಿಗೆ ಹಾಕೋ ಸರಕಲ್ಲಪ್ಪ ಇದು, ಹೋಗಿ ಬಾ" ಅಂದು ಕಳಿಸಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ. ಉತ್ತರಕ್ಕೆ ನೀನು ಇಷ್ಟು ದಿನ ತೆಗೆದುಕೊಂಡೆ ನೋಡು, ಅದರಿಂದಲೇ ನನಗೆ ನಂಬಿಕೆ ಬಂತು. ತೂಗಿ ನೋಡದೆ ಹೇಳುವವಳಲ್ಲ ನೀನು.

ಈಗ ಹೇಳಬಹುದು, ಮಗಳು ಏನಂದಿದ್ದಳು ಅಂತ. "ಅಪ್ಪಾ, ಇದರಲ್ಲಿ ಹೊಗೆ ಇದೆ. ಮೂಗಿಗಲ್ಲ, ನುಂಗಿದ ಮೇಲೆ. ಗಂಟಲಲ್ಲಿ ಬೂದಿ ಕೂತ ಹಾಗೆ." ದಿನವೂ ಇದೇ ರಾಗ. ಊಟಕ್ಕೆ ಕೂತರೂ ಇದೇ. ಒಂದು ದಿನ ನಾನು ಕೂಗಾಡಿಬಿಟ್ಟೆ, ಅವಳೂ ಕೂಗಾಡಿದಳು. ನಿನ್ನ ಕಾಗದ ಬಂದಾಗ ಅವಳ ಕೈಗೇ ಕೊಟ್ಟೆ. ಎರಡು ಸಲ ಓದಿದಳು. ಮಡಿಸಿ ವಾಪಸ್ ಕೊಟ್ಟು, "ಚಿಕ್ಕಮ್ಮ ಹೇಳಿದ್ಮೇಲೆ ಮುಗೀತು. ನನ್ನ ಮೂಗಿಗೇ ಏನೋ ಆಗಿದೆ" ಅಂದು ಪೀಪಾಯಿ ತೊಳೆಯಲು ಹೋದಳು. ಪಾಪ, ಸಪ್ಪಗಾಗಿದ್ದಾಳೆ. ನೀನೇ ಅವಳಿಗೆ ಒಂದು ಸಾಲು ಬರೆ. ಎಳೆ ಮೂಗು, ಕಲಿಯುತ್ತಾಳೆ ಅಂತ ಹೇಳು.

ಬಾಟಲಿಗೆ ತುಂಬುವುದು ಜನವರಿಯಲ್ಲಿ.

ಭಾವ


ಜನವರಿ ೩೦

ಮೂಗುತಿಗೆ,

ಎರಡು ತಿಂಗಳಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಅಂಗಡಿಯಲ್ಲಿ ವ್ಯಾಪಾರದ ಭರಾಟೆ ಇರಬೇಕು. ಬಾಟಲಿ ತುಂಬಿಸಿ ಆಯಿತು. ನಿನಗೆ ನಲವತ್ತು ಪೆಟ್ಟಿಗೆ ಕಳಿಸಿದ್ದೇನೆ, ಉಳಿದದ್ದು ಬೇರೆ ಬೇರೆ ಅಂಗಡಿಗಳಿಗೆ. ಎಲ್ಲರಿಗೂ ನಿನ್ನ ಮಾತನ್ನೇ ಬರೆದು ಕಳಿಸಿದೆ. ನಿನ್ನ ಹೆಸರು ನೋಡಿ ಯಾರೂ ರುಚಿ ಕೂಡ ಕೇಳಲಿಲ್ಲ.

ಮಗಳು ಕೆಲಸವನ್ನೆಲ್ಲ ಮಾಡುತ್ತಾಳೆ. ಆದರೆ ಈಗ ಯಾವ ಪೀಪಾಯಿಯ ಬಗ್ಗೆ ಕೇಳಿದರೂ "ನಂಗೊತ್ತಿಲ್ಲ" ಅನ್ನುತ್ತಾಳೆ.

ಭಾವ


ಮಾರ್ಚ್ ೪

ಭಾವನವರಿಗೆ,

ಪೆಟ್ಟಿಗೆಗಳು ಬಂದವು. ಬಾಗಿಲಿಗೆ ಎದುರಾಗಿಯೇ ಜೋಡಿಸಿದ್ದೇವೆ. ಹೋದ ವರ್ಷ ಕುಡಿದವರೆಲ್ಲ ಬಂದು ಎರಡೆರಡು ಒಯ್ಯುತ್ತಿದ್ದಾರೆ. ಕೆಲಸ ಬಹಳ, ಅದಕ್ಕೇ ಬರೆಯಲಾಗಲಿಲ್ಲ. ಮಗಳಿಗೆ ಬೇರೆಯಾಗಿ ಬರೆಯುತ್ತೇನೆ.

ಮೂಗುತಿ


ಏಪ್ರಿಲ್ ೨೧

ಭಾವ,

ಇದನ್ನು ಓದುವ ಮೊದಲು ಕೂತುಕೊಳ್ಳಿ.

ಬೂದುಕಣ್ಣಿ ಕೆಟ್ಟಿದೆ. ಮಗಳು ಹೇಳಿದ್ದೇ ಸರಿ. ಬಾಟಲಿಯಲ್ಲಿ ದಿನ ಕಳೆದಷ್ಟೂ ಹೊಗೆ ಮೇಲೆದ್ದು ಬರುತ್ತಿದೆಯಂತೆ. ಎರಡು ವಾರದಿಂದ ಜನ ಅರ್ಧ ಕುಡಿದ ಬಾಟಲಿಗಳನ್ನು ವಾಪಸ್ ತರುತ್ತಿದ್ದಾರೆ. ನಿನ್ನೆ ಮೇಷ್ಟ್ರು ಬಂದರು. ಜಗಳವಾಡಲಿಲ್ಲ. ಬಾಟಲಿಯನ್ನು ಕೌಂಟರಿನ ಮೇಲಿಟ್ಟು, ತಾವೇ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು.

"ಮೊದಲು ಚೆನ್ನಾಗೇ ಇತ್ತಮ್ಮಾ. ನುಂಗಿದ ಮೇಲೆ, ಆರಿದ ಒಲೆ ನೆಕ್ಕಿದ ಹಾಗಾಯ್ತು. ನೀನು ಕುಡಿದು ನೋಡಿದ್ದೆ ತಾನೆ?"

ಯಜಮಾನರು ಪಕ್ಕದಲ್ಲೇ ಇದ್ದರು. ಆ ಬಾಟಲಿಯಿಂದ ಗ್ಲಾಸಿಗೆ ಬಗ್ಗಿಸಿ ನನ್ನ ಮುಂದಿಟ್ಟರು. "ಹೇಳು, ಏನಿದೆ ಇದರಲ್ಲಿ?"

ಮೂಸಿದೆ. "ಹೊಗೆ" ಅಂದೆ. ಮೇಷ್ಟ್ರು ಆಗಲೇ ಹೇಳಿದ್ದರಲ್ಲ.

ಯಜಮಾನರು ಒಳಗೆ ಹೋಗಿ ಇನ್ನೊಂದು ಗ್ಲಾಸು ತಂದರು. "ಇದರಲ್ಲಿ?"

ಮುಖ ನೋಡಿದೆ, ಏನೂ ತಿಳಿಯಲಿಲ್ಲ. "ಇದ್ರಲ್ಲೂ ಹೊಗೆ ಇದೆ" ಅಂದೆ.

ಅದು ಗುಂಡಿಯೊಳಗೆ ಬೆಳೆಯುವ ಆ ದ್ವೀಪದ ದ್ರಾಕ್ಷಿಯದು. ಏಳು ವರ್ಷದಿಂದ ನಾನೇ ಊರಿಗೆಲ್ಲ ಕುಡಿಸುತ್ತಿರುವ ವೈನ್. ಅಂಗಡಿಯಲ್ಲಿ ಆರೇಳು ಜನ ಇದ್ದರು. ಮೇಷ್ಟ್ರು ಟೋಪಿ ತೆಗೆದುಕೊಂಡು ಹೊರಗೆ ಹೋದರು.

ಭಾವ, ಹೋದ ಜುಲೈಯ ಜ್ವರದಲ್ಲಿ ನನ್ನ ವಾಸನೆ ಹೋಯಿತು. ನಿಮಗೆ ಹೂಂ ಎಂದು ಬರೆದ ದಿನ ನನಗೆ ಆ ವೈನಿನಲ್ಲಿ ಏನೂ ಗೊತ್ತಾಗಿರಲಿಲ್ಲ. ಹೋದ ವರ್ಷದ ಚೀಟಿಯನ್ನೇ ನೋಡಿ ಬರೆದೆ. ನಿಮ್ಮ ನವೆಂಬರ್ ಕಾಗದ ಬಂದಾಗ ಇನ್ನೂ ಬಾಟಲಿಗೆ ತುಂಬಿರಲಿಲ್ಲ. ಆಗಲಾದರೂ ನಿಲ್ಲಿಸಿ ಎನ್ನಬಹುದಿತ್ತು. ಎರಡು ತಿಂಗಳು ಪೆನ್ನು ಹಿಡಿದು ಕೂತೆ. ಮಗಳದ್ದೇ ತಪ್ಪಾಗಿರಲಿ, ಮಗಳದ್ದೇ ತಪ್ಪಾಗಿರಲಿ ಎಂದು ಬೇಡಿಕೊಂಡೆ. ನನ್ನಕ್ಕನ ಮಗಳ ಬಗ್ಗೆ ಹಾಗೆ ಬೇಡಿಕೊಂಡೆ.

ಯಜಮಾನರು ಕೆಲಸದಿಂದ ತೆಗೆಯಲಿಲ್ಲ. ಹಿಂದಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವುದಕ್ಕೆ ಹಾಕಿದ್ದಾರೆ. ನನ್ನ ಕಪಾಟಿನ ಚೀಟಿಗಳನ್ನೆಲ್ಲ ನಾನೇ ಕಿತ್ತೆ.

ಇನ್ನೇನು ಮಾಡಬೇಕು, ಹೇಳಿ. ಏನು ಹೇಳಿದರೂ ಮಾಡುತ್ತೇನೆ.


ಜೂನ್ ೨

ಭಾವ,

ಆರು ವಾರವಾಯಿತು. ಬೈಯುವುದಕ್ಕಾದರೂ ಬರೆಯಿರಿ.


ಜುಲೈ ೬

ಮೂಗುತಿಗೆ,

ಬೈಯಲು ಹಲವು ಸಲ ಕೂತೆ. ಪ್ರತಿ ಸಲವೂ ನನ್ನ ಒಂದು ಮಾತು ಅಡ್ಡ ಬಂದು ನಿಂತಿತು. ಅದನ್ನು ಹೇಳದೆ ನಿನ್ನನ್ನು ಬೈಯುವ ಹಾಗಿಲ್ಲ.

ಹೊಗೆ "ಒಂದಿಷ್ಟು ಬಂತು" ಎಂದು ಬರೆದಿದ್ದೆ. ಅದು ಹನ್ನೊಂದು ದಿನ ನಮ್ಮ ಇಳಿಜಾರಿನ ಮೇಲೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಬೆಳಿಗ್ಗೆ ಎದ್ದರೆ ಎಲೆಗಳ ಮೇಲಿನ ಬೂದಿಯಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಅಕ್ಟೋಬರಿನಲ್ಲಿ ಪೀಪಾಯಿಯಿಂದ ತೆಗೆದು ಕುಡಿದಾಗ ನನಗೂ ಗಂಟಲಲ್ಲಿ ಬೂದಿ ಸಿಕ್ಕಿತ್ತು. ಮಗಳಷ್ಟು ಚೆನ್ನಾಗಿ ಅಲ್ಲ, ಆದರೆ ಸಿಕ್ಕಿತ್ತು. ಗೊತ್ತಿದ್ದೂ ನಿನಗೆ ಬಾಟಲಿ ಕಳಿಸಿದೆ. ನನಗೆ ಬೇಕಾಗಿದ್ದದ್ದು ನಿನ್ನ ಹೂಂ ಮಾತ್ರ. ಊಹೂಂ ಅಂದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದೆನೋ ಏನೋ.

ನೀನು ಕುರುಡಾಗಿ ಹೇಳಿದೆ, ನಾನು ಕಣ್ಣಿದ್ದೂ ಕೇಳಿದೆ. ಯಾರದ್ದು ಹೆಚ್ಚು ಎಂದು ತೂಗಿ ಈಗ ಮಾಡುವುದೇನಿದೆ?

ಎಲ್ಲ ಅಂಗಡಿಗಳಿಂದಲೂ ಬಾಟಲಿ ವಾಪಸ್ ಬಂದಿವೆ. ಇಳಿಜಾರನ್ನು ಪಕ್ಕದವನು ಗೇಣಿಗೆ ಹಿಡಿದಿದ್ದಾನೆ. ಅವನದ್ದು ಅದೇ ಹೆಸರುವಾಸಿ ತಳಿ. ಈ ತಿಂಗಳ ಕೊನೆಗೆ ಯಂತ್ರ ಬಂದು ಬೂದುಕಣ್ಣಿಯನ್ನು ಕೀಳುತ್ತದೆ.

ಮಗಳು ಇಲ್ಲಿಲ್ಲ. ನಿನ್ನ ಏಪ್ರಿಲ್ ಕಾಗದ ಬರುವ ಮುಂಚೆಯೇ ಹೋದಳು. "ಈ ಕೆಲಸ ನಂಗೆ ಬರಲ್ಲಪ್ಪ, ಸುಮ್ನೆ ಯಾಕೆ ನಟನೆ ಮಾಡ್ಲಿ" ಅಂದಳು. ಪೇಟೆಯ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ವೈನ್ ಹಾಳಾದ ಸುದ್ದಿ ಅವಳಿಗೆ ಮುಟ್ಟಿಲ್ಲ. ನಾನು ಹೇಳಿಲ್ಲ. ಹೇಳಬೇಕಾದರೆ ಮೇಲಿನದನ್ನೆಲ್ಲ ಹೇಳಬೇಕಲ್ಲ.

ಭಾವ


ಜುಲೈ ೧೪

ಭಾವ,

ಬಳ್ಳಿ ಹೋಗಲಿ. ನನ್ನ ಕೆಲಸ ಹೋಗಲಿ. ಆ ಹುಡುಗಿಗೆ ಹೇಳಿ. ಅವಳೊಬ್ಬಳೇ ಸರಿ ಹೇಳಿದ್ದು, ಅವಳೊಬ್ಬಳೇ ತನ್ನ ಮೂಗು ಕೆಟ್ಟಿದೆ ಅಂದುಕೊಂಡು ಕೂತಿದ್ದಾಳೆ. ಕೆಟ್ಟದ್ದು ನನ್ನದು ಎಂದು ಹೇಳಿ. ಕಾಗದ ಬರೆಯಬೇಡಿ, ಹೋಗಿ ಎದುರಿಗೆ ಕೂತು ಹೇಳಿ. ಇಲ್ಲದಿದ್ದರೆ ವಿಳಾಸ ಕೊಡಿ, ನಾನೇ ಹೋಗುತ್ತೇನೆ.

ಅವಳು ವಾಪಸ್ ಬಂದರೆ ಇಬ್ಬರೂ ಸೇರಿ ನಾಲ್ಕು ಸಾಲು ಬಳ್ಳಿಯನ್ನಾದರೂ ಉಳಿಸಿಕೊಳ್ಳಬಹುದು. ಪಕ್ಕದವನ ಹತ್ತಿರ ಕೇಳಿ ನೋಡಿ. ಬೇಗ.


ಆಗಸ್ಟ್ ೯

ಮೂಗುತಿಗೆ,

ಯಂತ್ರ ಹೇಳಿದ್ದಕ್ಕಿಂತ ಎಂಟು ದಿನ ಮುಂಚೆ ಬಂತು. ನಾಲ್ಕು ಸಾಲು ಕೇಳಿದೆ. "ಅಣ್ಣಾ, ಮಧ್ಯದಲ್ಲಿ ನಾಲ್ಕು ಸಾಲು ಬಿಟ್ರೆ ಟ್ರ್ಯಾಕ್ಟರ್ ಹೇಗೆ ತಿರುಗ್ಸೋದು?" ಅಂದ. ಅವನು ಹೇಳಿದ್ದೂ ನಿಜವೇ. ಎರಡು ದಿನದಲ್ಲಿ ಮುಗಿಯಿತು. ಬೇರುಗಳು ನನ್ನ ತೊಡೆಗಿಂತ ದಪ್ಪ ಇದ್ದವು.

ಮೂರನೇ ದಿನ ಬಸ್ಸು ಹತ್ತಿ ಮಗಳ ಹತ್ತಿರ ಹೋದೆ. ಆಸ್ಪತ್ರೆಯ ಹಿಂದೆ ಉದ್ದನೆಯ ಶೆಡ್ಡು, ಒಳಗೆ ಹಬೆ, ಬಿಳಿ ಹೊದಿಕೆಗಳ ರಾಶಿ. ತೊಳೆದ ಬಟ್ಟೆಯಲ್ಲಿ ಸೋಪು ಉಳಿದಿದೆಯೇ, ಮುಗ್ಗಲು ಹಿಡಿದಿದೆಯೇ ಎಂದು ನೋಡುವುದಕ್ಕೆ ಮೇಲ್ವಿಚಾರಕಿ ಅವಳನ್ನೇ ಕರೆಯುತ್ತಾಳಂತೆ. ಯಂತ್ರಕ್ಕೆ ತಿಳಿಯದ್ದು ಅವಳಿಗೆ ತಿಳಿಯುತ್ತದಂತೆ. ಅದನ್ನು ಮೇಲ್ವಿಚಾರಕಿ ನನಗೆ ಹೆಮ್ಮೆಯಿಂದ ಹೇಳಿದಳು. ಮಗಳು ಬೇರೆ ಕಡೆ ನೋಡುತ್ತಿದ್ದಳು.

ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಹನ್ನೊಂದು ದಿನದ ಹೊಗೆ, ನನ್ನ ಗಂಟಲಿನ ಬೂದಿ, ನಿನ್ನ ಜ್ವರ, ನಿನ್ನ ಹೂಂ, ಯಾವುದನ್ನೂ ಬಿಡಲಿಲ್ಲ. "ನೀನು ಹೇಳಿದ್ದೇ ಸರಿ ಇತ್ತು ಮಗಳೇ" ಅಂದೆ. ಅಳುತ್ತಾಳೆ ಅಥವಾ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಬಟ್ಟೆ ಸೋಡಾದಿಂದ ಬಿರುಕುಬಿಟ್ಟ ಬೆರಳುಗಳನ್ನು ಉಜ್ಜಿಕೊಳ್ಳುತ್ತಾ ಕೇಳಿಸಿಕೊಂಡಳು.

"ಬಾ, ಮನೆಗೆ ಹೋಗೋಣ" ಅಂದೆ.

"ಅಲ್ಲಿ ಏನಿದೆ ಅಪ್ಪಾ ಈಗ?" ಅಂದಳು. ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದಳು.

ಗಂಟೆ ಹೊಡೆಯಿತು, ಎದ್ದಳು. ಬಾಗಿಲವರೆಗೂ ಹೋಗಿ ತಿರುಗಿ ಬಂದಳು.

"ಅಪ್ಪಾ, ಚಿಕ್ಕಮ್ಮ ಊಟ ಹೇಗೆ ಮಾಡ್ತಾರೆ? ಏನಾದ್ರೂ ರುಚಿ ಹತ್ತುತ್ತಾ ಅವ್ರಿಗೆ?"

ನನಗೆ ಗೊತ್ತಿರಲಿಲ್ಲ. ನಿನ್ನ ಏಪ್ರಿಲ್ ಕಾಗದ ಬಂದ ಮೇಲೂ ನಾನು ಅದನ್ನು ಕೇಳಿಯೇ ಇಲ್ಲ. ಕೇಳಿ ಹೇಳುತ್ತೇನೆ ಅಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಅದಕ್ಕೇ ಬರೆಯುತ್ತಿದ್ದೇನೆ. ಊಟ ಮಾಡುತ್ತಿದ್ದೀಯೇನಮ್ಮಾ?

ಭಾವ